ಪಾಠಾಂತರ

ಬಾಡಿಗೆಯ ಮನೆಗಳಲ್ಲಿ ಬಾಳಿ ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಒಕ್ಕಲನ್ನು ಬಿಡಿಸಬೇಕೆಂದಿರುವ ಮನೆಯ ಒಡೆಯ ‘ಮನೆ ಖಾಲಿ ಮಾಡಿ’ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ‘ಇನ್ನು ಮುಂದೆ ಸುಣ್ಣಬಣ್ಣ ನಮ್ಮಿಂದ ಆಗದು, ನಲ್ಲಿ ಸೋರಿದರೂ ಸೂರು ಸೋರಿದರೂ ನೀವೇ ನೋಡಿಕೊಳ್ಳಿ’ ಎನ್ನುತ್ತಾನೆ. ಉಳಿದ ಅರ್ಥವನ್ನು ಬಾಡಿಗೆದಾರನೇ ಮಾಡಿಕೊಳ್ಳಬೇಕು.

ಬಸವನಗುಡಿಯ ರಾಯರ ಲ್ಯಾಪ್‌ಟಾಪಿನ ತೆರೆಯ ಮೇಲೆ 2025ನೆಯ ಇಸವಿಯಲ್ಲಿ ಮೂಡಿದ ಪ್ರಕಟಣೆ ಈ ಜಾತಿಗೇ ಸೇರಿದ್ದು. 2015ರ ಜುಲೈ ತಿಂಗಳಲ್ಲಿ ಲೋಕಕ್ಕೆ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಆಯುಷ್ಯ ಮುಗಿಯಿತು. ಮುಗಿಯಿತೆಂದರೆ ಯಂತ್ರವೇನೂ ಅಂದು ನಿಂತುಹೋಗಲಿಲ್ಲ. ಹೊಸ ಕಳ್ಳರು ಹುಟ್ಟಿಕೊಂಡರೆ ಹೊಸ ಚಿಲಕ ಹಾಕಿಕೊಡುವ ಹೊಣೆಯನ್ನು ಒಡೆಯರು ಬಿಟ್ಟುಕೊಟ್ಟರು, ಅಷ್ಟೆ. ಇನ್ನೊಂದು ವರ್ಷದ ಮಟ್ಟಿಗೆ ವಾಯಿದೆಯನ್ನು ಮುಂದೂಡಿಕೊಳ್ಳುವ ಏರ್ಪಾಡೂ ಇದ್ದಿತು. ಆದರೆ ವಾಯಿದೆ ಎಂದಿದ್ದರೂ ವಾಯಿದೆಯೇ.

ಪಕ್ಕದ ಹೊಸ ಮನೆಗೆ, ಎಂದರೆ ವಿಂಡೋಸ್ 11ಕ್ಕೆ, ಹೋಗಬಾರದೆ? ಹೋಗಬಹುದು. ಆದರೆ ಆ ಮನೆಯ ಬಾಗಿಲಲ್ಲಿ ಕುಲಗೋತ್ರ ವಿಚಾರಿಸುವ ಪದ್ಧತಿಯಿದೆ. ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಚಿಪ್ಪು ಇರಬೇಕು. ಇಂಟೆಲ್ ಸಂಸ್ಥೆಯ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಈಚಿನದೋ ಆಗಿರಬೇಕು. ರಾಯರ ಯಂತ್ರ 2016ರಲ್ಲಿ ಕೊಂಡದ್ದು, ಆರನೆಯ ಪೀಳಿಗೆಯದು. ಕೀಲಿಮಣೆಯ ಒಂದೆರಡು ಅಕ್ಷರಗಳು ಸವೆದಿದ್ದುವೇ ಹೊರತು ಅದಕ್ಕೆ ಬೇರೆ ರೋಗವಿರಲಿಲ್ಲ. ಗಟ್ಟಿಮುಟ್ಟಾದ ಆಳನ್ನು ಜನ್ಮಪತ್ರಿಕೆ ನೋಡಿ ಹಿಂದಕ್ಕೆ ಕಳುಹಿಸಿದಂತಾಯಿತು.

ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ರಾಯರು ವಿಚಾರಿಸಿದರು. ಅಂಗಡಿಯ ಹುಡುಗ ಯಂತ್ರವನ್ನು ಬಿಚ್ಚಿಯೂ ನೋಡಲಿಲ್ಲ. “ಹೊಸದು ತೊಗೊಳ್ಳಿ ಸಾರ್, ಇದು ಗುಜರಿಗೆ” ಎಂದ. ಗುಜರಿ ಎಂಬ ಮಾತು ಕೇಳಿ ರಾಯರಿಗೆ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವಿತ್ತು.

ರಾಯರು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದವರು. ನಿವೃತ್ತಿಯ ಸಮಯಕ್ಕೆ ಅವರಿಗೊಂದು ಹುಚ್ಚು ಹಿಡಿಯಿತು. ತೀರ್ಥಹಳ್ಳಿಯ ಕಡೆಯ ಹಳ್ಳಿಯಲ್ಲಿದ್ದ ಅವರ ಅಕ್ಕ ಹಾಡಿನ ಕಣಜ. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ತೊಟ್ಟಿಲ ಹಾಡು, ಹೆಣ್ಣು ಒಪ್ಪಿಸುವ ಹಾಡು, ಹೀಗೆ ಆಕೆಯ ನಾಲಗೆಯ ಮೇಲೆ ಇದ್ದುದಕ್ಕೆ ಲೆಕ್ಕವಿರಲಿಲ್ಲ. 2006ರಿಂದ ಮೊದಲುಗೊಂಡು ಪ್ರತಿ ಬೇಸಗೆಯಲ್ಲಿಯೂ ದಸರೆಯಲ್ಲಿಯೂ ರಾಯರು ಊರಿಗೆ ಹೋಗುವರು. ಅಕ್ಕ ಹಲಸಿನ ಹಪ್ಪಳ ಒತ್ತುತ್ತಲೋ ಹೂವು ಕಟ್ಟುತ್ತಲೋ ಹಾಡುವಳು. ರಾಯರು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವರು. ಬೆಂಗಳೂರಿಗೆ ಬಂದು ಕಂಪ್ಯೂಟರಿಗೆ ಏರಿಸುವರು. ಹೀಗೆ ನೂರ ಎಂಬತ್ತಾರು ಹಾಡುಗಳಾದುವು. 2019ರಲ್ಲಿ ಅಕ್ಕ ತೀರಿಕೊಂಡಳು. ಅದಾದ ಮರುವರ್ಷ ಮನೆಗೆ ಬಣ್ಣ ಹೊಡೆಸುವಾಗ ಹಳೆಯ ನೋಟುಬುಕ್ಕುಗಳು, ‘ಹೇಗೂ ಕಂಪ್ಯೂಟರಿನಲ್ಲಿ ಇದೆಯಲ್ಲ’ ಎಂಬ ಧೈರ್ಯದ ಮೇಲೆ, ರದ್ದಿ ಕಾಗದದ ತಕ್ಕಡಿಗೆ ಬಿದ್ದುವು. ಹೀಗಾಗಿ ಅಕ್ಕನ ಹಾಡುಗಳಿಗೆ ಆ ಹಳೆಯ ಯಂತ್ರವೊಂದೇ ಮನೆ. ಅದನ್ನು ಗುಜರಿ ಎಂದರೆ ಹೊಟ್ಟೆ ಉರಿಯದೆ?

ಮೊಮ್ಮಗಳು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದಳು. ಅವಳೇ ಮೊದಲು ಆ ಹೆಸರನ್ನೆತ್ತಿದ್ದು. “ತಾತ, ಯಂತ್ರ ಬದಲಾಯಿಸಬೇಡಿ. ಒಳಗಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕೋಣ. ದುಡ್ಡು ಕೊಡಬೇಕಾದ್ದಿಲ್ಲ.”

ದುಡ್ಡು ಕೊಡಬೇಕಾದ್ದಿಲ್ಲ ಎಂಬ ಮಾತಿನಿಂದಲೇ ರಾಯರಿಗೆ ಅನುಮಾನ ಹುಟ್ಟಿತು. ಅದೆಲ್ಲ ಪರಿಣತರಿಗೆ, ವಯಸ್ಸಾದವರಿಗಲ್ಲ ಎಂದರು.

“ಅಜ್ಜಿ ಬಳಸುತ್ತಾ ಇಲ್ಲವೆ?” ಎಂದಳು ಹುಡುಗಿ. ಅಡಿಗೆಮನೆಯಲ್ಲಿ ಆಂಡ್ರಾಯ್ಡ್ ಫೋನನ್ನು ಡಬ್ಬಿಗೆ ಒರಗಿಸಿ ಹರಿಕಥೆ ಕೇಳುತ್ತಿದ್ದ ರಾಯರ ಪತ್ನಿ ಬೆಚ್ಚಿಬಿದ್ದು, ತಾನೇನೂ ಬಳಸುತ್ತಿಲ್ಲವೆಂದು ಕೂಗಿ ಹೇಳಿದರು. ಆದರೆ ಹುಡುಗಿ ಹೇಳಿದ್ದು ನಿಜ. ಆಂಡ್ರಾಯ್ಡ್ ಫೋನುಗಳ ತಿರುಳು ಲಿನಕ್ಸೇ. ಇತ್ತ ಜಗತ್ತಿನ ಅತಿ ವೇಗದ ಐನೂರು ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿಯೂ 2017ರ ನವೆಂಬರಿನಿಂದ ಲಿನಕ್ಸ್ ಅಲ್ಲದ್ದು ಒಂದೂ ಇಲ್ಲ. ಮೇಲೆ ಅದು, ಕೆಳಗೆ ಅಜ್ಜಿಯ ಫೋನು. ನಡುವೆ ಮೇಜಿನ ಮೇಲಿನ ಕಂಪ್ಯೂಟರು ಮಾತ್ರ ಬಹುಪಾಲು ವಿಂಡೋಸಿನ ವಶದಲ್ಲಿ ಉಳಿದದ್ದು ಒಂದು ಸೋಜಿಗ.

ಹುಟ್ಟಿದ ಕಥೆ ಗೊತ್ತಿಲ್ಲದ ಮನೆಗೆ ಹೆಣ್ಣು ಕೊಡಬಾರದೆಂಬ ಕಾಲದವರು ರಾಯರು. ಕಥೆ ಹೇಳು ಎಂದರು. ಹುಡುಗಿ ಹೇಳಿದಳು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಲೀನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ, ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವೆನೆಂದೂ ಅದು ಬರಿಯ ಹವ್ಯಾಸವೆಂದೂ, ದೊಡ್ಡದಾಗಿ ಬೆಳೆಯತಕ್ಕದ್ದಲ್ಲವೆಂದೂ ಜಾಲದ ಚರ್ಚಾಕೂಟವೊಂದರಲ್ಲಿ ತಿಳಿಸಿದ. ಅದಕ್ಕೆ ಆತ ಇಡಬೇಕೆಂದಿದ್ದ ಹೆಸರು ಫ್ರೀಕ್ಸ್. ಅದನ್ನು ಜಾಲದಲ್ಲಿ ಇರಿಸಿಕೊಟ್ಟ ಗೆಳೆಯ ತನ್ನ ಪಾಡಿಗೆ ತಾನು ಲಿನಕ್ಸ್ ಎಂದು ಹೆಸರು ಬರೆದುಬಿಟ್ಟ. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬಾತ ಗ್ನು ಎಂಬ ಹೆಸರಿನಿಂದ ಇಂಥದೇ ದೊಡ್ಡ ಕೆಲಸವೊಂದನ್ನು ಆರಂಭಿಸಿದ್ದ. ಅದರ ಬಹಳಷ್ಟು ಅಂಗಗಳು ಸಿದ್ಧವಾಗಿದ್ದರೂ ತಿರುಳು ಸಿದ್ಧವಾಗಿರಲಿಲ್ಲ. ಇವನ ತಿರುಳಿಗೂ ಅವನ ಅಂಗಗಳಿಗೂ ಗಂಟುಬಿದ್ದಿತು. ಸ್ಟಾಲ್ಮನ್ನನ ಕರಾರು ವಿಚಿತ್ರವಾದದ್ದು. ಬರೆದದ್ದನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ಆದರೆ ತಿದ್ದಿ ಹಂಚಿದವನು ಪಡೆದವನಿಗೂ ಅದೇ ಸ್ವಾತಂತ್ರ್ಯವನ್ನು ಕೊಡಬೇಕು, ಬೀಗ ಹಾಕುವಂತಿಲ್ಲ. ಲಿನಕ್ಸ್ ಈ ಕರಾರಿಗೆ ಒಳಪಟ್ಟದ್ದು 1992ರಲ್ಲಿ.

“ಹಾಗಾದರೆ ಇದಕ್ಕೆ ಒಬ್ಬ ಕರ್ತೃ ಇಲ್ಲ” ಎಂದರು ರಾಯರು.

“ಸಾವಿರಾರು ಜನ ಇದ್ದಾರೆ ತಾತ.”

“ಅದನ್ನೇ ನಾನು ಹೇಳಿದ್ದು” ಎಂದರು. ಅಷ್ಟರಲ್ಲಿ ಅವರ ಅನುಮಾನ ಅರ್ಧ ಕರಗಿತ್ತು.

ಉಳಿದರ್ಧ ಕರಗುವ ಮೊದಲು ಹೊಸದೊಂದು ತೊಡಕು ಬಂದಿತು. ಲಿನಕ್ಸ್ ಎಂಬುದು ಒಂದಲ್ಲ, ನೂರಾರು. ತಿರುಳು ಒಂದೇ, ಅದರ ಸುತ್ತ ಬೇಕಾದ ಸಲಕರಣೆಗಳನ್ನು ಜೋಡಿಸಿ, ಒಪ್ಪಮಾಡಿ, ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಹಂಚುತ್ತಾರೆ. ಇದಕ್ಕೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ರಾಯರು ಇದನ್ನು ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡರು. ಭಾರತದ ಕಥೆ ಒಂದೇ; ಪಂಪನ ಭಾರತ ಬೇರೆ, ಕುಮಾರವ್ಯಾಸನ ಭಾರತ ಬೇರೆ. ಹಸ್ತಪ್ರತಿಗಳ ವಂಶವೃಕ್ಷ ಬರೆಯುವವರಂತೆ ಅವರು ಕಾಗದದ ಮೇಲೆ ಗೆರೆಗಳನ್ನೆಳೆದು, ಯಾವುದು ಮೂಲ ಪ್ರತಿ, ಯಾವುದು ಅದರ ಪ್ರತಿ, ಯಾವುದು ಪ್ರತಿಯ ಪ್ರತಿ ಎಂದು ಗುರುತಿಸತೊಡಗಿದರು. ಆ ಮನೆಯಲ್ಲಿ ಡಿಸ್ಟ್ರಿಬ್ಯೂಷನ್ನಿಗೆ ‘ಪಾಠ’ ಎಂಬ ಹೆಸರೇ ನಿಂತಿತು.

ಸುದ್ದಿ ಹರಡಿದ ಕೂಡಲೆ ಸಲಹೆಗಾರರು ಬಂದರು. ಇಂಥ ವಿಷಯದಲ್ಲಿ ಸಲಹೆಗಾರರು ತಾವಾಗಿ ಬರುತ್ತಾರೆ. ಕೆಮ್ಮು ಬಂದವನಿಗೆ ಕಷಾಯ ಹೇಳುವವರಿಗಿಂತ ಇವರು ಒಂದು ಹೆಜ್ಜೆ ಮುಂದು. ಎದುರು ಮನೆಯ ನಿವೃತ್ತ ಟೆಲಿಫೋನ್ ಎಂಜಿನಿಯರು ಡೆಬಿಯನ್ ಪಕ್ಷ. 1993ರಲ್ಲಿ ಇಯಾನ್ ಮರ್ಡಾಕ್ ಎಂಬಾತ ತೊಡಗಿದ ಅದು ಇಂದಿಗೂ ಸ್ವಯಂಸೇವಕರ ಕೂಟವಾಗಿಯೇ ಉಳಿದಿದೆ. ಸುಮಾರು ಎರಡು ವರ್ಷಕ್ಕೊಮ್ಮೆ ಮಾತ್ರ ಹೊಸ ಪಾಠ ತರುತ್ತದೆ, ತಂದದ್ದು ಅಲುಗಾಡುವುದಿಲ್ಲ ಎಂದು ಅವರ ವಾದ. ಹೆಸರಿನ ನಿಷ್ಪತ್ತಿ ಕೇಳದೆ ರಾಯರು ಯಾವುದನ್ನೂ ಒಪ್ಪುವವರಲ್ಲ. ಡೆಬ್ರಾ ಎಂಬುದು ಅವನ ಅಂದಿನ ಗೆಳತಿಯ ಹೆಸರು, ಮುಂದೆ ಅವಳನ್ನೇ ಮದುವೆಯಾದ. ಡೆಬ್ರಾ ಮತ್ತು ಇಯಾನ್ ಸೇರಿ ಡೆಬಿಯನ್ ಎಂದು ತಿಳಿದಾಗ, “ದ್ವಂದ್ವ ಸಮಾಸ” ಎಂದು ಬರೆದುಕೊಂಡರು.

ಪುಣೆಯಲ್ಲಿರುವ ಮಗ ಭಾನುವಾರದ ಫೋನಿನಲ್ಲಿ ಫೆಡೋರ ಎಂದ. ಅದು ರೆಡ್ ಹ್ಯಾಟ್ ಸಂಸ್ಥೆಯ ಆಸರೆಯದು. ಸುಮಾರು ಆರು ತಿಂಗಳಿಗೊಮ್ಮೆ ಹೊಸತು, ಒಂದೊಂದರ ಆಯುಷ್ಯವೂ ಹದಿಮೂರು ತಿಂಗಳಿನ ಆಸುಪಾಸು. ಫೆಡೋರ ಎಂದರೆ ಟೋಪಿ. “ಆರು ತಿಂಗಳಿಗೊಂದು ಟೋಪಿ ಹಾಕಿಸಿಕೊಳ್ಳುವ ವಯಸ್ಸಲ್ಲಪ್ಪ ನನ್ನದು” ಎಂದರು ರಾಯರು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗ, ಕಣ್ಣಿನ ಕೆಳಗೆ ಕಪ್ಪು ಕಟ್ಟಿಕೊಂಡವನು, ಆರ್ಚ್ ಬಿಟ್ಟು ಬೇರೆಯದನ್ನು ಹಾಕುವುದು ಪಾಪ ಎಂದ. ಅದರಲ್ಲಿ ಮೊದಲಿಗೆ ಏನೂ ಇರುವುದಿಲ್ಲವಂತೆ. ಬೇಕಾದ್ದನ್ನು ಬೇಕಾದಷ್ಟೇ ತಾವೇ ಆಯ್ದು ಸೇರಿಸಿಕೊಳ್ಳಬೇಕಂತೆ. ಕಾಫಿ ತಂದಿಟ್ಟ ರಾಯರ ಪತ್ನಿ, “ಇವರು ಮನೆ ಕೇಳಿದರೆ ಈ ಮಗು ಇಟ್ಟಿಗೆ, ಗಾರೆ ಕೊಡುತ್ತದಲ್ಲ!” ಎಂದರು. ಆ ಹುಡುಗನಿಗೂ ನಗು ಬಂದಿತು. ಇಟ್ಟಿಗೆ ಗಾರೆಯಲ್ಲಿ ಸುಖ ಕಾಣುವವರು ಲೋಕದಲ್ಲಿ ಇದ್ದಾರೆ, ಅವರಿಂದಲೇ ಇತರರ ಮನೆಗಳು ಏಳುತ್ತವೆ ಎಂಬುದನ್ನೂ ಒಪ್ಪಬೇಕು.

ಉಬುಂಟು ಎಂಬ ಹೆಸರು ಬಂದಾಗ ರಾಯರು ತಲೆ ಕೆರೆದುಕೊಂಡರು. ಎಲ್ಲಿಯೋ ಕೇಳಿದ ಹೆಸರು. ಆಮೇಲೆ ಹೊಳೆಯಿತು. 2006ರ ಸುಮಾರಿನಲ್ಲಿ ಮಗ ಅಂಚೆಯಲ್ಲಿ ಒಂದು ಸಿ.ಡಿ. ತರಿಸಿದ್ದ. ದಕ್ಷಿಣ ಆಫ್ರಿಕದ ಮಾರ್ಕ್ ಷಟಲ್‌ವರ್ತ್ ಎಂಬ ಸಿರಿವಂತ, 2002ರಲ್ಲಿ ರಷ್ಯದ ಸೊಯುಜ್ ನೌಕೆಯನ್ನೇರಿ ಅಂತರಿಕ್ಷ ನಿಲ್ದಾಣಕ್ಕೆ ಹೋಗಿಬಂದವನು, 2004ರಲ್ಲಿ ಡೆಬಿಯನ್ನನ್ನೇ ಆಧಾರವಾಗಿಟ್ಟುಕೊಂಡು ಉಬುಂಟು ಹೊರಡಿಸಿದ. ಕೇಳಿದವರಿಗೆಲ್ಲ ಕೆಲವು ವರ್ಷಗಳ ಕಾಲ ಸಿ.ಡಿ.ಯನ್ನು ಬಿಟ್ಟಿಯಾಗಿ ಅಂಚೆಯಲ್ಲಿ ಕಳುಹಿಸಿಕೊಟ್ಟ. ಆಫ್ರಿಕದ ಭಾಷೆಯಲ್ಲಿ ಉಬುಂಟು ಎಂದರೆ ಮನುಷ್ಯತ್ವ, ಒಬ್ಬರಿಗೊಬ್ಬರು ಆಗಿ ಬಾಳುವ ಗುಣ. ಅಂಥ ಮನುಷ್ಯತ್ವವನ್ನು ರಾಯರು ಅಂದು ದಾರ ಪೋಣಿಸಿ ಹಿತ್ತಿಲ ಸೀಬೆಯ ಮರಕ್ಕೆ ಗಿಳಿಗಳನ್ನು ಬೆದರಿಸಲೆಂದು ಕಟ್ಟಿದ್ದರು. ಗಿಳಿಗಳೂ ಬೆದರಿರಲಿಲ್ಲ.

ಮೊಮ್ಮಗಳ ಸಲಹೆ ಲಿನಕ್ಸ್ ಮಿಂಟ್. 2006ರಲ್ಲಿ ಮೊದಲಾದ ಅದು ಉಬುಂಟುವಿನ ಪ್ರತಿ. ಉಬುಂಟು ಡೆಬಿಯನ್ನಿನ ಪ್ರತಿ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ವಿಂಡೋಸಿನಲ್ಲಿ ಪಳಗಿದ ಕಣ್ಣಿಗೆ ಪರಿಚಿತವಾದ ಅಂಗಳ. ಅದರಲ್ಲಿಯೇ ಹಳೆಯ ಯಂತ್ರಗಳಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಎಂಬ ಆವೃತ್ತಿಯೊಂದಿದೆ. ರಾಯರ ನಾಲ್ಕು ಜಿ.ಬಿ. ನೆನಪಿನ ಯಂತ್ರಕ್ಕೆ ಅದು ಸಾಕು. 2024ರಲ್ಲಿ ಬಂದ 22ನೆಯ ಪಾಠಕ್ಕೆ 2029ರವರೆಗೆ ಆಸರೆಯಿದೆ. ಮಿಂಟ್ ಎಂದರೆ ಪುದೀನ ಎಂದು ತಿಳಿದ ಕೂಡಲೇ ಅಡಿಗೆಮನೆಯ ಮತ ಅದಕ್ಕೇ ಬಿದ್ದಿತು.

ರಾಯರು ಮಾತ್ರ ಎರಡು ದಿನ ಯೋಚಿಸಿದರು. ಕೊನೆಗೆ ಅವರು ತೀರ್ಮಾನಿಸಿದ್ದು ಈ ಯಾವ ಗುಣಗಳಿಂದಲೂ ಅಲ್ಲ. “ಇನ್ನೆರಡು ವರ್ಷಕ್ಕೆ ನೀನು ಓದು ಮುಗಿಸಿ ಎಲ್ಲಿಗೋ ಹೋಗುತ್ತೀಯೆ. ನಡುರಾತ್ರಿಯಲ್ಲಿ ಇದು ಕೈಕೊಟ್ಟರೆ ನಾನು ಯಾರನ್ನು ಕೂಗಲಿ?” ಎಂದು ಕೇಳಿದರು. ಹುಡುಗಿ ಎದುರು ಮನೆಯನ್ನು ತೋರಿಸಿದಳು. ಡೆಬಿಯನ್ ಬಲ್ಲವರಿಗೆ ಮಿಂಟ್ ಪರಕೀಯವಲ್ಲ. ಒಂದೇ ವಂಶದ ಮೂರನೆಯ ತಲೆ. ಯಾವ ಡಿಸ್ಟ್ರಿಬ್ಯೂಷನ್ ಶ್ರೇಷ್ಠ ಎಂದು ವಾದಿಸುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ಮನೆ ಹಿಡಿಯುವಾಗ ಗೋಡೆಯ ಬಣ್ಣಕ್ಕಿಂತ ನೆರೆಹೊರೆ ಮುಖ್ಯ. ಲಿನಕ್ಸ್ ಎಲ್ಲರಿಗೂ ಒಗ್ಗುವುದೆಂದೂ ಹೇಳುವಂತಿಲ್ಲ. ರಾಯರ ಭಾವಮೈದುನರು ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಇಡುವವರು. ಅದು ವಿಂಡೋಸಿಗೆಂದೇ ರಚಿತವಾದ ತಂತ್ರಾಂಶ. ಅವರು ಹೊಸ ಯಂತ್ರವನ್ನೇ ಕೊಂಡರು. ಅದು ತಪ್ಪಲ್ಲ.

ಮೊದಲು ಕೂಡಿ ನೋಡುವ ಶಾಸ್ತ್ರವಾಯಿತು. ಪೆನ್ ಡ್ರೈವಿನಲ್ಲಿ ಮಿಂಟನ್ನು ಇಳಿಸಿ, ಯಂತ್ರವನ್ನು ಅದರಿಂದಲೇ ಎಬ್ಬಿಸಿದರೆ, ಒಳಗಿನ ವಿಂಡೋಸನ್ನು ಮುಟ್ಟದೆ ಹೊಸ ಸಂಸಾರವನ್ನು ನಡೆಸಿ ನೋಡಬಹುದು. ವೈ-ಫೈ ಹತ್ತಿತು. ಧ್ವನಿ ಬಂದಿತು. ಪ್ರಿಂಟರು, ಯಾವ ಉಪಚಾರವನ್ನೂ ನಿರೀಕ್ಷಿಸದೆ, ಕಾಗದವನ್ನು ಒತ್ತಿ ಹೊರಕ್ಕೆ ತಳ್ಳಿತು. ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಮೊಮ್ಮಗಳು ಹಾಡುಗಳನ್ನೂ ಫೋಟೋಗಳನ್ನೂ ಹೊರಗಿನ ಡಿಸ್ಕಿಗೆ ಒಮ್ಮೆ, ಪೆನ್ ಡ್ರೈವಿಗೆ ಒಮ್ಮೆ ಪ್ರತಿಮಾಡಿದಳು. ವಿಂಡೋಸನ್ನು ಒಂದು ಮೂಲೆಯಲ್ಲಿ ಉಳಿಸಿಕೊಂಡು ಪಕ್ಕದಲ್ಲಿ ಮಿಂಟ್ ಇರಿಸಬಹುದೆಂದೂ, ಯಂತ್ರ ಎದ್ದಾಗ ಯಾವುದು ಬೇಕೆಂದು ಕೇಳುವುದೆಂದೂ ಹೇಳಿದಳು. ರಾಯರು ಒಪ್ಪಲಿಲ್ಲ. ಎರಡು ದೋಣಿಯ ಮೇಲೆ ಕಾಲಿಡುವುದು ತಮ್ಮ ಜಾಯಮಾನವಲ್ಲವೆಂದರು. ಡಿಸ್ಕನ್ನು ಅಳಿಸುವ ಗುಂಡಿಯನ್ನು ಒತ್ತುವ ಹೊತ್ತಿಗೆ ಅವರ ಬೆರಳು ಕ್ಷಣಕಾಲ ಗಾಳಿಯಲ್ಲಿ ನಿಂತಿತು. ಒತ್ತಿದರು. ಅರ್ಧ ಗಂಟೆಯೊಳಗಾಗಿ ಎಲ್ಲ ಮುಗಿಯಿತು.

ಆ ರಾತ್ರಿ ಊಟಕ್ಕೆ ಮೊದಲು ರಾಯರು ಅಕ್ಕನ ಹಾಡಿನ ಕಡತವನ್ನು ತೆರೆದರು. ತೆರೆಯ ಮೇಲೆ ಕನ್ನಡವಿರಲಿಲ್ಲ.

ಇದ್ದದ್ದು ರೋಮನ್ ಅಕ್ಷರಗಳ ಜಾತ್ರೆ. ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’ಗಳು, ಇಂಗ್ಲೆಂಡಿನ ಪೌಂಡಿನ ಚಿಹ್ನೆಗಳು, ಯಾವ ದೇಶದವೋ ತಿಳಿಯದ ಕೊಕ್ಕೆಗಳು, ಪುಟದ ಮೇಲೆ ಪುಟ. ನೂರ ಎಂಬತ್ತಾರು ಹಾಡುಗಳೂ ಹೀಗೆಯೇ. ಡಿಸ್ಕಿನಲ್ಲಿದ್ದ ಪ್ರತಿಯೂ ಹೀಗೆಯೇ, ಪೆನ್ ಡ್ರೈವಿನದೂ ಹೀಗೆಯೇ. ಹಿಂದಕ್ಕೆ ಹೋಗೋಣವೆಂದರೆ ಹಳೆಯ ಮನೆಯನ್ನು ಅವರೇ ಕೆಡವಿಸಿ ಆಗಿತ್ತು. ರಾಯರು ಮಾತನಾಡಲಿಲ್ಲ. ಕನ್ನಡಕ ತೆಗೆದು ಒರಸಿ ಮತ್ತೆ ಹಾಕಿಕೊಂಡು ನೋಡಿದರು. “ಏನೂಂದ್ರೆ, ಅನ್ನ ಆರುತ್ತಾ ಇದೆ” ಎಂದು ಒಳಗಿನಿಂದ ಕೂಗು ಬಂದಿತು. ತಮಗೆ ಹಸಿವಿಲ್ಲವೆಂದು ಹೇಳಿ ಹೋಗಿ ಮಲಗಿದರು. ಮೊಮ್ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ಯಂತ್ರದ ಮುಂದೆ ಕುಳಿತೇ ಇದ್ದಳು.

ಅವಳು ಕಂಡುಕೊಂಡದ್ದು ಹೀಗೆ. ಈ ಹಾಡುಗಳನ್ನು ಏರಿಸಿದ ಕಾಲದ ಕನ್ನಡ ತಂತ್ರಾಂಶಗಳು ಬಹುಮಟ್ಟಿಗೆ ಒಂದು ಉಪಾಯದ ಮೇಲೆ ನಿಂತಿದ್ದುವು. ಯಂತ್ರಕ್ಕೆ ಅವು ಕನ್ನಡವನ್ನು ಹೇಳುತ್ತಲೇ ಇರಲಿಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಅಕ್ಷರರೂಪವೊಂದನ್ನು, ಎಂದರೆ ಫಾಂಟನ್ನು, ಯಂತ್ರದಲ್ಲಿ ಇರಿಸುತ್ತಿದ್ದುವು. ರಾಯರು ‘ಕ’ ಎಂದು ಒತ್ತಿದಾಗ ಯಂತ್ರ ಬರೆದುಕೊಂಡದ್ದು ‘ಪಿ’ ಎಂಬ ರೋಮನ್ ಅಕ್ಷರವನ್ನು, ಅದರ ಪಕ್ಕದಲ್ಲಿ ಓರೆಗೆರೆಯ ‘ಎ’ಯನ್ನು. ಆ ‘ಎ’ಯೇ ತಲೆಕಟ್ಟು. ‘ನ’ಕಾರದ ಒಡಲಿಗೆ ಪೌಂಡಿನ ಚಿಹ್ನೆ. ಫಾಂಟು ಇರುವವರೆಗೆ ಅದು ಕನ್ನಡವಾಗಿ ಕಾಣುತ್ತಿತ್ತು. ವೇಷ ಕಳಚಿದೊಡನೆ ಒಳಗಿನ ಆಸಾಮಿ ಬೇರೆಯೆಂದು ತಿಳಿಯಿತು. ಅಂದಿನ ದಿನಗಳಲ್ಲಿ ಅದಲ್ಲದೆ ಬೇರೆ ಸುಲಭೋಪಾಯವಿರಲಿಲ್ಲ, ಆ ಉಪಾಯದಿಂದಲೇ ನಾಡಿನ ಕಚೇರಿ ಪತ್ರಿಕೆಗಳು ಕನ್ನಡದಲ್ಲಿ ನಡೆದುವು ಎಂಬುದನ್ನು ಮರೆಯಬಾರದು. ಆದರೆ ರಾಯರು ಅಂಗಡಿಯ ಹುಡುಗನ ಮಾತು ಕೇಳಿ ಹೊಸ ವಿಂಡೋಸ್ ಯಂತ್ರವನ್ನೇ ಕೊಂಡಿದ್ದರೂ, ಆ ಫಾಂಟು ಇಲ್ಲದಿದ್ದಲ್ಲಿ ಇದೇ ಜಾತ್ರೆಯನ್ನೇ ನೋಡಬೇಕಾಗಿತ್ತು. ಹೊಸ ಮನೆಯ ದೋಷವಲ್ಲ. ಸಾಮಾನು ಕಟ್ಟಿದ ರೀತಿ ಹಾಗಿತ್ತು.

ಬೆಳಗಿನ ಜಾವ ಅವಳು ಅದೇ ಫಾಂಟಿನ ಕಡತವನ್ನು ಹುಡುಕಿ ತಂದು ಮಿಂಟಿನಲ್ಲಿ ಇರಿಸಿದಳು. ಕನ್ನಡ ಮರಳಿ ಬಂದಿತು. ಕಾಫಿ ಲೋಟ ಹಿಡಿದು ಬಂದ ರಾಯರು ತೆರೆಯನ್ನು ನೋಡಿ, ಲೋಟವನ್ನು ಕೆಳಗಿಟ್ಟು, ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು. “ಇದು ವೇಷ ತಾತ. ಇದನ್ನು ನಿಜವಾದ ಕನ್ನಡ ಮಾಡಬೇಕು” ಎಂದಳು ಅವಳು.

ನಿಜವಾದ ಕನ್ನಡವೆಂದರೆ ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸ್ಥಾನ ಕೊಟ್ಟಿರುವ ಆ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಕೇರಿಯಿದೆ. ಅಲ್ಲಿ ‘ಕ’ ಎಂದರೆ ‘ಕ’ವೇ. ಹಳೆಯ ಬಗೆಯಿಂದ ಅದಕ್ಕೆ ಪರಿವರ್ತಿಸುವ ತಂತ್ರಾಂಶಗಳನ್ನು ಕನ್ನಡಿಗರೇ ರಚಿಸಿ ಮುಕ್ತವಾಗಿ ಹಂಚಿದ್ದಾರೆ. ನೂರ ಎಂಬತ್ತಾರು ಹಾಡುಗಳೂ ಒಂದು ಮಧ್ಯಾಹ್ನದಲ್ಲಿ ಪರಿವರ್ತಿತವಾದುವು. ಆದರೆ ಯಂತ್ರದ ಕೆಲಸ ಯಂತ್ರದ್ದೇ. ಕೆಲವೆಡೆ ಒತ್ತುಗಳು ಜಾರಿದ್ದುವು. ಅರ್ಕಾವೊತ್ತು ಎಲ್ಲೋ ಒಮ್ಮೊಮ್ಮೆ ಪಕ್ಕದ ಅಕ್ಷರದ ತಲೆಗೇರಿತ್ತು. ಇದಕ್ಕೂ ಕಾರಣವುಂಟು. ಹಳೆಯ ಬಗೆ ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರಗಳನ್ನು ಇಡುತ್ತಿತ್ತು. ‘ಸೂರ್ಯ’ ಎಂಬಲ್ಲಿ ಮೊದಲು ‘ಯ’, ಆಮೇಲೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ನಾಲಗೆ ನುಡಿಯುವ ಕ್ರಮ; ಮೊದಲು ‘ರ್’, ಅನಂತರ ‘ಯ’. ರಾಯರಿಗೆ ಇದನ್ನು ಕೇಳಿ ಬಹಳ ಸಂತೋಷವಾಯಿತು. ಮೂವತ್ತು ವರ್ಷ ಹುಡುಗರಿಗೆ ಬಿಡಿಸಿ ಬರೆಯಿರಿ ಎಂದು ಹೇಳಿಕೊಟ್ಟದ್ದನ್ನು ಕೊನೆಗೆ ಯಂತ್ರವೂ ಕಲಿತಿತೆಂದು ಅವರಿಗೆ ಎನಿಸಿತು.

ಇನ್ನೊಂದು ಸಂತೋಷವೂ ಕಾದಿತ್ತು. ಹೊಸ ಕೀಲಿಗಳನ್ನು ಕಲಿಯಬೇಕಾದೀತೆಂದು ಅವರು ಹೆದರಿದ್ದರು. ಕೀಲಿಮಣೆಯ ಪಟ್ಟಿಯನ್ನು ತೆರೆದಾಗ ಕನ್ನಡದ ಅಡಿಯಲ್ಲಿ ‘ಕಗಪ’ ಎಂಬ ಹೆಸರು ಕಾಣಿಸಿತು. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲ ಅಕ್ಷರಗಳು, ಕೆ. ಪಿ. ರಾವ್ ಅವರು ರೂಪಿಸಿದ, ರಾಯರ ಬೆರಳುಗಳು ಕಣ್ಣು ಮುಚ್ಚಿ ಬಲ್ಲ ಅದೇ ವಿನ್ಯಾಸ. ‘ಕೆ’ ಒತ್ತಿದರೆ ‘ಕ’, ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’. ಡೆಬಿಯನ್ನಿನ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಫಾಂಟುಗಳೂ ಇದ್ದುವು. ಪೆಂಗ್ವಿನ್ ಹಕ್ಕಿ ಗುರುತಾಗಿರುವ ಮನೆಗೆ ಗುಬ್ಬಿ ನವಿಲುಗಳು ಬಂದು ಸೇರಿದ್ದು ರಾಯರಿಗೆ ಒಪ್ಪಿತವಾಯಿತು. ಅವರು ಗುಬ್ಬಿಯನ್ನು ಆರಿಸಿಕೊಂಡರು.

ದಿನಕ್ಕೆ ಹತ್ತು ಹಾಡಿನಂತೆ ತಿದ್ದುವ ಕೆಲಸ ನಡೆಯಿತು. ಹಾಡನ್ನು ಗಟ್ಟಿಯಾಗಿ ಓದಿದರೆ ಮಾತ್ರ ತಪ್ಪು ಕಿವಿಗೆ ಬೀಳುವುದೆಂದು ರಾಯರು ಗಟ್ಟಿಯಾಗಿಯೇ ಓದುವರು. ಹತ್ತೊಂಬತ್ತನೆಯ ದಿನ ಕೊನೆಯ ಹಾಡಿಗೆ ಬಂದರು. ಅದು ಹೆಣ್ಣು ಒಪ್ಪಿಸುವ ಹಾಡು. 2018ರ ದಸರೆಯಲ್ಲಿ ಅಕ್ಕ ನಾಲ್ಕು ನುಡಿ ಹಾಡಿ, ಮುಂದಿನದು ನೆನಪಾಗುತ್ತಿಲ್ಲ, ನಾಳೆ ಹೇಳುವೆನೆಂದು ಎದ್ದುಹೋಗಿದ್ದಳು. ಮರುದಿನ ಜ್ವರ ಬಂದಿತು. ರಾಯರ ರಜೆಯ ಟಿಕೆಟ್ಟು ಮುಗಿದಿತ್ತು. ಮುಂದಿನ ಬೇಸಗೆಗೆ ಅಕ್ಕ ಇರಲಿಲ್ಲ. ನಾಲ್ಕು ನುಡಿಯ ಕೆಳಗೆ ರಾಯರು ಆರು ಚುಕ್ಕೆಗಳನ್ನು ಇಟ್ಟಿದ್ದರು. ಪರಿವರ್ತಕ ಆ ಚುಕ್ಕೆಗಳನ್ನು ಒಂದೂ ತಪ್ಪದಂತೆ ತಂದಿತ್ತು.

ನಾಲ್ಕನೆಯ ನುಡಿಯನ್ನು ಓದಿ ಅವರು ನಿಲ್ಲಿಸಿದಾಗ, ಒಳಗೆ ಹುರುಳಿಕಾಯಿ ಹೆಚ್ಚುತ್ತಿದ್ದ ಸದ್ದೂ ನಿಂತಿತು. ಅದರ ಬದಲು ಐದನೆಯ ನುಡಿ ಕೇಳಿಸಿತು. ದೊಡ್ಡ ದನಿಯಲ್ಲ, ತಮಗೆ ತಾವೇ ಹೇಳಿಕೊಳ್ಳುವಂತೆ. ಐದು ಮುಗಿದು ಆರು ಬಂದಿತು.

ರಾಯರು ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತರು. “ಇದು ನಿನಗೆ ಹೇಗೆ ಗೊತ್ತು?”

“ಹೇಗೆ ಅಂದರೆ? ನಿಮ್ಮ ತಂಗಿಯ ಮದುವೆಯಲ್ಲಿ ಅಕ್ಕನೂ ನಾನೂ ಸೇರಿಯೇ ಹೇಳಿದೆವು. ನೀವು ಚಪ್ಪರದಲ್ಲಿ ಬೀಗರಿಗೆ ಕಾಫಿ ವಿಚಾರಿಸುತ್ತಾ ಇದ್ದಿರಿ.”

“ಇಷ್ಟು ವರ್ಷ ಹೇಳಲಿಲ್ಲವಲ್ಲ!”

“ನೀವು ಕೇಳಲಿಲ್ಲ” ಎಂದರು ಆಕೆ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರಾಯರಿಗೆ ಸುಲಭವಾಗುತ್ತಿತ್ತೇನೋ.

ಅವರು ಯಂತ್ರದ ಮುಂದೆ ಕುರ್ಚಿಯೊಂದನ್ನು ಎಳೆದು ಹಾಕಿದರು. ಆಕೆ ಸೆರಗಿಗೆ ಕೈ ಒರಸಿಕೊಂಡು ಬಂದು ಕುಳಿತರು. ತೆರೆಯ ಮೇಲಿದ್ದ ಎರಡನೆಯ ನುಡಿಯನ್ನು ಕನ್ನಡಕವಿಲ್ಲದೆ ದೂರ ಹಿಡಿದಂತೆ ಓದಿ, ಅದರಲ್ಲಿ ಒಂದು ಪದ ತಪ್ಪಾಗಿದೆ ಎಂದರು. ಅಕ್ಕ ಹೇಳಿದ್ದು ಹಾಗೆಯೇ, ತಾವು ಕಿವಿಯಾರೆ ಕೇಳಿ ಬರೆದದ್ದು ಎಂದರು ರಾಯರು. ಅಕ್ಕ ಹಾಗೆ ಹೇಳುತ್ತಿದ್ದದ್ದು ನಿಜ, ಆದರೆ ತಮ್ಮ ತವರಿನಲ್ಲಿ ಹೇಳುವುದು ಬೇರೆ, ಮದುವೆಯ ದಿನ ಇಬ್ಬರೂ ತಮ್ಮ ತಮ್ಮದನ್ನೇ ಹಾಡಿದೆವು, ಯಾರಿಗೂ ತಿಳಿಯಲಿಲ್ಲ ಎಂದರು ಆಕೆ. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪದದ ಮೇಲೊಂದು ನಕ್ಷತ್ರ ಹಾಕಿ, ಪುಟದ ಅಡಿಯಲ್ಲಿ ಹೆಂಡತಿಯ ಪದವನ್ನು ಬರೆದರು. ಆಮೇಲೆ ಆರು ಚುಕ್ಕೆಗಳನ್ನು ಅಳಿಸಿದರು.

“ಐದನೆಯದನ್ನು ಇನ್ನೊಮ್ಮೆ ಹೇಳು, ನಿಧಾನವಾಗಿ.”

“ನಡುವಿನಿಂದ ಹೇಳಲು ಬರುವುದಿಲ್ಲ. ಮೊದಲಿನಿಂದಲೇ ಬರಬೇಕು” ಎಂದು ಆಕೆ ಗಂಟಲು ಸರಿಮಾಡಿಕೊಂಡು, ಮೊದಲ ನುಡಿಯನ್ನು ಎತ್ತಿಕೊಂಡರು. ರಾಯರು ಕೈಗಳನ್ನು ಕೀಲಿಮಣೆಯ ಮೇಲಿಟ್ಟು ಐದನೆಯದು ಬರುವವರೆಗೆ ಕಾದು ಕುಳಿತರು.